ಬಿಇ ಮುಗಿಸಿ ಹೊಲಕ್ಕ ಹೋಗ್ತೀರೇನು? ಕೊಪ್ಪಳದ ನಾಲ್ಕು ತಾಲ್ಲೂಕು, ನಮಗೆ ನಾಲ್ಕು ಕೆಲಸ



2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಇಡೀ ಗೇಟೇ ಕೊಚ್ಚಿಕೊಂಡು ಹೋಯ್ತು. ತುಂಬಿದ ಡ್ಯಾಂ ಖಾಲಿಯಾಗೋದನ್ನ ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ನಮಗೆ ಅದೊಂದು ವಿಡಿಯೋ. ಗಂಗಾವತಿ ಕಡೆಯ ರೈತರಿಗೆ ಕಣ್ಣೆದುರೇ ಹರಿದು ಹೋಗ್ತಿದ್ದ ಮುಂದಿನ ಬೆಳೆ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ರಭಸದಿಂದ ಹರಿಯೋ ನೀರಿನ ನಡುವೆಯೇ ಸ್ಟಾಪ್‌ಲಾಗ್ ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನ ತಡೆದರು. ಕೃಷಿಯಲ್ಲಿ ಎಂಜಿನಿಯರ್‌ಗಳಿಗೆ ಏನು ಕೆಲಸ ಅಂತ ಕೇಳೋರಿಗೆ ಆ ವಾರ ಉತ್ತರ ಸಿಕ್ಕಿತು.

ಆದರೆ ಗೇಟ್ ಒಡೆದ ದಿನ ಮಾತ್ರ ಎಂಜಿನಿಯರ್ ಬೇಕಾ? ಅದೇ ಜಿಲ್ಲೆಯಲ್ಲಿ ಟೀವಿಗೆ ಬರದ ಹಾಗೆ ದಿನಾ ಒಡೀತಿರೋ ಕೊಂಡಿಗಳಿವೆ. ಹೊಲದಿಂದ ತಟ್ಟೆಯ ತನಕದ ದಾರಿಯಲ್ಲಿ ನೀರು, ಮಣ್ಣು, ಕಾಳು, ಹಿಟ್ಟು ಎಲ್ಲೆಲ್ಲಿ ಹಾಳಾಗ್ತಿವೆ ಅಂತ ನೋಡಿದರೆ, ಅದರಲ್ಲಿ ಬಹುಪಾಲು ನಮ್ಮ ಸಿಲಬಸ್ಸಿನೊಳಗಿನ ಸಮಸ್ಯೆಗಳೇ. ಸುಸ್ಥಿರ ಕೃಷಿ, ಸ್ಥಳೀಯ ಆಹಾರ ವ್ಯವಸ್ಥೆ, ವೆಲ್‌ನೆಸ್ ಅಂತ ಈಗ ದೊಡ್ಡ ದೊಡ್ಡ ಪದಗಳಲ್ಲಿ ಮಾತಾಡ್ತಾರಲ್ಲ, ಅದನ್ನ ನೆಲಕ್ಕಿಳಿಸಿದರೆ ಮೂರೇ ಪ್ರಶ್ನೆ. ಮಣ್ಣು ನಮ್ಮ ಮಕ್ಕಳ ಕಾಲಕ್ಕೂ ಬೆಳೆ ಕೊಡುತ್ತಾ? ಇಲ್ಲಿ ಬೆಳೆದದ್ದನ್ನ ಇಲ್ಲಿಯವರು ತಿಂತಾರಾ? ತಿಂದವರು ಆರೋಗ್ಯವಾಗಿ ಇರ್ತಾರಾ?

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಅದರಲ್ಲಿದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅನ್ನೋ ನಾಲ್ಕು ತಾಲ್ಲೂಕು. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಸೇರಿದವು. ನಾವು ಹಳೆಯ ನಾಲ್ಕರ ಲೆಕ್ಕದಲ್ಲೇ ಹೋಗೋಣ. ಯಾಕಂದ್ರೆ ಒಂದೊಂದು ತಾಲ್ಲೂಕೂ ಒಂದೊಂದು ಬೇರೆ ಪ್ರಾಬ್ಲಂ ಸ್ಟೇಟ್‌ಮೆಂಟ್.

1. ಗಂಗಾವತಿ: ನೀರು ಜಾಸ್ತಿಯಾದ ಊರಿನ ಕಷ್ಟ

ಮುನಿರಾಬಾದಿನಿಂದ ಹೊರಡೋ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹರಿಯುತ್ತೆ. ಗಂಗಾವತಿಗೆ ಭತ್ತದ ಕಣಜ ಅಂತ ಹೆಸರು. ನಮ್ಮ ಮೆಸ್ಸಿಗೆ ಬರೋ ಸೋನಾ ಮಸೂರಿ ಅಲ್ಲಿಂದಲೇ ಬಂದಿದ್ದರೂ ಆಶ್ಚರ್ಯ ಇಲ್ಲ.

ಈ ಕಾಲುವೆಯನ್ನ ಯೋಜಿಸಿದಾಗ ಇದ್ದ ಲೆಕ್ಕ ಬೇರೆ. ಸ್ವಲ್ಪ ಸ್ವಲ್ಪ ನೀರನ್ನ ಹೆಚ್ಚು ಹೊಲಗಳಿಗೆ ಹಂಚಿ, ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನ ಬರದಿಂದ ಕಾಪಾಡಬೇಕು ಅನ್ನೋದು ಮುಖ್ಯ ಉದ್ದೇಶ. ಭತ್ತಕ್ಕೆ ಇಟ್ಟಿದ್ದ ಜಾಗ ಸಣ್ಣದು. ಆದರೆ ಕಾಲುವೆಯ ತಲೆಭಾಗದಲ್ಲಿ ನೀರು ಧಾರಾಳವಾಗಿ ಸಿಕ್ಕಿತು, ಭತ್ತಕ್ಕೆ ಮಾರುಕಟ್ಟೆಯೂ ಇತ್ತು. ಭತ್ತ ಹಬ್ಬಿತು. ಕೊನೆಭಾಗದ ರೈತರು ನೀರಿಗಾಗಿ ಪ್ರತಿ ವರ್ಷ ಧರಣಿ ಕೂರೋದು ಅಲ್ಲಿಂದ ಶುರು.

ತಲೆಭಾಗದವರಾದರೂ ಪೂರ್ತಿ ಗೆದ್ದರಾ ಅಂದ್ರೆ ಅದೂ ಇಲ್ಲ. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯಲ್ಲ. ವರ್ಷಕ್ಕೆ ಎರಡು ಸಲ ಗದ್ದೆ ತುಂಬಿಸಿದರೆ ಅಂತರ್ಜಲ ಬೇರಿನ ಹತ್ತಿರಕ್ಕೇ ಏರುತ್ತೆ. ಅಲ್ಲಿಂದ ಕ್ಯಾಪಿಲರಿ ಕ್ರಿಯೆಯಿಂದ ನೀರು ಮೇಲೆ ಬಂದು ಆವಿಯಾಗುತ್ತೆ, ಅದರಲ್ಲಿದ್ದ ಉಪ್ಪು ಮಾತ್ರ ಅಲ್ಲೇ ಉಳಿಯುತ್ತೆ. ನಮ್ಮ ಕಡೆ ಇದಕ್ಕೆ ಸವಳು ಅಂತಾರೆ. ಹೊಲದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಾಣುತ್ತೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಸವಳು, ಜವಳು ಹತ್ತಿದ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಅಂತ ಅಂದಾಜು.

ಇದಕ್ಕೆ ಪರಿಹಾರ ಇದೆ. ಸುಮಾರು ಒಂದು ಮೀಟರ್ ಆಳದಲ್ಲಿ ತೂತುಳ್ಳ ಪೈಪುಗಳನ್ನ ಸಾಲಾಗಿ ಹೂಳಿ, ಸುತ್ತ ಫಿಲ್ಟರ್ ಹಾಕಿ, ಉಪ್ಪುನೀರನ್ನ ಹಳ್ಳಕ್ಕೆ ಬಸಿಯೋ ಹಾಗೆ ಮಾಡೋದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣಿನ ಬಗ್ಗೆ ಅಖಿಲ ಭಾರತ ಸಂಶೋಧನಾ ಯೋಜನೆಯ ಘಟಕವೇ ಇದೆ. ಆದರೆ ಇದು ಒಬ್ಬ ರೈತ ಒಂದೇ ಹೊಲದಲ್ಲಿ ಮಾಡೋ ಕೆಲಸವಲ್ಲ. ಇಡೀ ಬಯಲಿನ ಲೆವೆಲ್ ತೆಗೀಬೇಕು, ಪೈಪಿನ ಅಂತರ ಲೆಕ್ಕ ಹಾಕಬೇಕು, ಬಸಿದ ನೀರು ಯಾರ ಹೊಲಕ್ಕೂ ನುಗ್ಗದ ಹಾಗೆ ದಾರಿ ಮಾಡಬೇಕು. ಮೂರನೇ ಸೆಮಿಸ್ಟರಿನಲ್ಲಿ ಬಿಸಿಲಲ್ಲಿ ನಿಂತು ಶಾಪ ಹಾಕ್ತಾ ಮಾಡಿದ ಸರ್ವೇ ಪ್ರಾಕ್ಟಿಕಲ್ ಇಲ್ಲಿ ಬೇಕಾಗುತ್ತೆ.

ಇನ್ನೊಂದು ಅಗ್ಗದ ಉಪಾಯ: ಗದ್ದೆಯನ್ನ ಸದಾ ತುಂಬಿಡದೆ, ನೀರು ಆರಿಸಿ ಮತ್ತೆ ಕಟ್ಟೋದು. 30 ಸೆಂಟಿಮೀಟರ್ ಉದ್ದದ ತೂತು ಕೊರೆದ ಪಿವಿಸಿ ಪೈಪನ್ನ ಗದ್ದೆಯಲ್ಲಿ ನೆಟ್ಟು, ಒಳಗಿನ ನೀರಿನ ಮಟ್ಟ ಮಣ್ಣಿಗಿಂತ 15 ಸೆಂಟಿಮೀಟರ್ ಕೆಳಗೆ ಹೋದಾಗ ಮಾತ್ರ ನೀರು ಬಿಡಬೇಕು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ ಈ ಕ್ರಮದಲ್ಲಿ ಶೇ. 30ರ ತನಕ ನೀರು ಉಳಿಯಬಹುದು, ಮೀಥೇನ್ ಕೂಡ ಕಡಿಮೆ. ಹಾಗಂತ ಸವಳು ಹತ್ತಿದ ಹೊಲದಲ್ಲಿ ಕಣ್ಣು ಮುಚ್ಚಿ ಮಾಡೋ ಹಾಗಿಲ್ಲ. ಮಣ್ಣು ಆರಿದರೆ ಉಪ್ಪು ಮೇಲೇರುತ್ತೆ. ಮೊದಲು ಮಣ್ಣಿನ ವಿದ್ಯುತ್ ವಾಹಕತೆ ಅಳೀಬೇಕು. ಒಂದು ಇಸಿ ಮೀಟರ್, ಒಂದು ಮಟ್ಟದ ಸೆನ್ಸರ್, ಕನ್ನಡದಲ್ಲಿ ಬರೋ ಒಂದು ಮೆಸೇಜ್: ಇಸಿಇ ಗೆಳೆಯರೇ, ಲೈನ್ ಫಾಲೋವರ್ ರೋಬೋ ಬಿಟ್ಟು ಇದನ್ನ ಮಾಡಬಾರದಾ?

2. ಕುಷ್ಟಗಿ: ಮಳೆಯನ್ನ ಲೆಕ್ಕ ಹಾಕೋದು

ಗಂಗಾವತಿಯಿಂದ ವಾಯವ್ಯಕ್ಕೆ ಬಂದರೆ ಕಾಲುವೆ ಹಿಂದೆ ಉಳಿಯುತ್ತೆ, ಆಕಾಶ ನೋಡೋ ಬೇಸಾಯ ಶುರುವಾಗುತ್ತೆ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದೂ ಒಂದೇ ವಾರದಲ್ಲಿ ಸುರಿದು ತಿಂಗಳುಗಟ್ಟಲೆ ಮುಖ ತೋರಿಸದೆ ಇರಬಹುದು. ಬೆಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಗುಳೆ ಹೋಗೋ ಕುಟುಂಬಗಳನ್ನ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು. ಒಂದು ಲೆಕ್ಕ ಮಾಡೋಣ. ಮೇಲ್ಭಾಗ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ, ಬದಿಗಳ ಇಳಿಜಾರು ಒಂದಕ್ಕೆ ಒಂದೂವರೆ ಅಂದುಕೊಳ್ಳಿ. ತಳ 12 ಮೀಟರ್ ಚೌಕ ಆಗುತ್ತೆ. ಹಿಡಿಯೋ ನೀರು ಸುಮಾರು 837 ಘನ ಮೀಟರ್, ಅಂದ್ರೆ 8 ಲಕ್ಷ ಲೀಟರಿಗೂ ಜಾಸ್ತಿ. ಒಂದು ಎಕರೆಗೆ 50 ಮಿಲಿಮೀಟರ್ ನೀರು ಕೊಡೋಕೆ ಸುಮಾರು 2 ಲಕ್ಷ ಲೀಟರ್ ಬೇಕು. ಕಾಳು ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟರೆ ನಾಲ್ಕು ಎಕರೆಗೆ ಒಂದು ಸಲ ನೀರು ಕೊಟ್ಟು ಬೆಳೆ ಉಳಿಸಬಹುದು ಅನ್ನೋದು ಕಾಗದದ ಮೇಲಿನ ಲೆಕ್ಕ.

ಹೊಲದ ಲೆಕ್ಕದಲ್ಲಿ ಆವಿಯೂ ಇದೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ತುಂಬಿದ ಹೊಂಡದಿಂದ ದಿನಾ 2,200 ಲೀಟರ್ ಗಾಳಿಗೆ ಹೋಯ್ತು. ಎರಡು ತಿಂಗಳಲ್ಲಿ ಒಂದು ಲಕ್ಷ ಲೀಟರಿಗೂ ಹೆಚ್ಚು. ಪ್ಲಾಸ್ಟಿಕ್ ಹಾಸು ಹರಿದರೆ ಇಂಗೋದು ಬೇರೆ. ಒಳಗೆ ಬರೋ ಹೂಳು ಬೇರೆ. ಹೊಂಡಕ್ಕೆ ನೆರಳು ಹೇಗೆ, ಹೂಳು ಮೊದಲೇ ತಡೆಯೋ ಗುಂಡಿ ಎಷ್ಟು ದೊಡ್ಡದಿರಬೇಕು, ಪಂಪಿಗೆ ಎಷ್ಟು ವ್ಯಾಟಿನ ಸೋಲಾರ್ ಸಾಕು: ಇವೆಲ್ಲ ನಮ್ಮ ಮಿನಿ ಪ್ರಾಜೆಕ್ಟಿನ ಅಳತೆಗೆ ಸರಿಹೊಂದೋ ಪ್ರಶ್ನೆಗಳು.

ಕುಷ್ಟಗಿ ಇನ್ನೊಂದು ಪಾಠವನ್ನೂ ಹೇಳುತ್ತೆ. ದಾಳಿಂಬೆ ಈ ಕಡೆಯ ರೈತರಿಗೆ ಒಳ್ಳೆ ದುಡ್ಡು ಕೊಟ್ಟ ಬೆಳೆ. ಆಮೇಲೆ ದುಂಡಾಣು ಅಂಗಮಾರಿ ರೋಗ ಬಂದು ಎಷ್ಟೋ ತೋಟಗಳನ್ನ ಕಿತ್ತು ಹಾಕಬೇಕಾಯ್ತು. ಒಂದೇ ಬೆಳೆಯ ಮೇಲೆ ಇಡೀ ಬದುಕು ನಿಂತರೆ ಒಂದು ಬ್ಯಾಕ್ಟೀರಿಯಾ ಸಾಕು. ನೆಟ್‌ವರ್ಕ್ ಪಾಠದಲ್ಲಿ ಇದನ್ನೇ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತ ಓದಿದ್ದೇವೆ. ಇದಕ್ಕೆ ಹಿರಿಯರ ಉತ್ತರ ಅಕ್ಕಡಿ ಸಾಲು. ಸಜ್ಜೆಯ ನಡುವೆ ತೊಗರಿ, ಹೆಸರು, ಮಡಕಿ. ಒಂದು ಹೋದರೆ ಇನ್ನೊಂದು ಉಳಿಯುತ್ತೆ, ದ್ವಿದಳ ಧಾನ್ಯದ ಬೇರು ಮಣ್ಣಿಗೆ ಸಾರಜನಕ ಕೊಡುತ್ತೆ. ತೊಂದರೆ ಏನಂದ್ರೆ ದೊಡ್ಡ ಕೊಯ್ಲು ಯಂತ್ರಗಳೆಲ್ಲ ಒಂದೇ ಬೆಳೆಗೆ ಮಾಡಿದವು. ಅಕ್ಕಡಿ ಹೊಲಕ್ಕೆ ಸರಿಯಾಗೋ ಸಣ್ಣ ಯಂತ್ರ ಕಡಿಮೆ, ಆ ಭಾರವೆಲ್ಲ ಹೆಣ್ಣುಮಕ್ಕಳ ಕುಡುಗೋಲಿನ ಮೇಲೆ. ಮೆಕ್ಯಾನಿಕಲ್‌ನವರು ಕೇಳಿಸಿಕೊಳ್ಳಿ.

3. ಯಲಬುರ್ಗಾ: ಸಜ್ಜೆ ಹಿಟ್ಟು ಯಾಕೆ ಕಹಿಯಾಗುತ್ತೆ?

ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ತಿಂದವರಿಗೆ ರುಚಿಯ ಬಗ್ಗೆ ಹೇಳಬೇಕಾಗಿಲ್ಲ. ಯಲಬುರ್ಗಾ, ಕುಷ್ಟಗಿ ಸೀಮೆಯ ಮಸಾರಿ ನೆಲದಲ್ಲಿ ಸಜ್ಜೆ ಕಡಿಮೆ ನೀರಲ್ಲೇ ಬರುತ್ತೆ. ಪೌಷ್ಟಿಕತೆಯಲ್ಲೂ ಮುಂದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಸಜ್ಜೆಯಲ್ಲಿ ಕಬ್ಬಿಣ 6.4 ಮಿಲಿಗ್ರಾಂ, ನಾರು 11 ಗ್ರಾಂಗಿಂತ ಹೆಚ್ಚು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ, ನಾರು 3 ಗ್ರಾಂ ಒಳಗೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ.

ಹಾಗಿದ್ದರೆ ಸಜ್ಜೆ ನಮ್ಮ ಅಂಗಡಿಯಲ್ಲಿ ಅಕ್ಕಿ, ಗೋಧಿ ಹಾಗೆ ಯಾಕೆ ಸಿಗಲ್ಲ? ಒಂದು ಕಾರಣ ಕೆಮಿಸ್ಟ್ರಿ. ಸಜ್ಜೆ ಕಾಳಿನಲ್ಲಿ ಶೇ. 5ರಷ್ಟು ಕೊಬ್ಬು ಇದೆ, ಅದರ ಬಹುಪಾಲು ಮೊಳಕೆಯ ಭಾಗದಲ್ಲಿ. ಕಾಳು ಇಡಿಯಾಗಿದ್ದಾಗ ಕೊಬ್ಬು ಒಂದು ಕಡೆ, ಅದನ್ನ ಒಡೆಯೋ ಲೈಪೇಸ್ ಕಿಣ್ವ ಇನ್ನೊಂದು ಕಡೆ. ಬೀಸಿದ ಕೂಡಲೇ ಎರಡೂ ಸೇರ್ತವೆ, ಕೊಬ್ಬು ಒಡೆಯುತ್ತೆ, ಕೆಲವೇ ದಿನಗಳಲ್ಲಿ ಹಿಟ್ಟಿಗೆ ಮುಗ್ಗು ವಾಸನೆ, ಕಹಿ. ನಮ್ಮ ಅಜ್ಜಿಯರು ವಾರಕ್ಕೆ ಬೇಕಾದಷ್ಟೇ ಬೀಸಿಸ್ತಿದ್ದದ್ದು ಅದಕ್ಕೇ. ಊರಿನ ಗಿರಣಿಗೆ ಅದು ಸರಿ. ಬೆಂಗಳೂರಿನ ಅಂಗಡಿಯ ಕಪಾಟಿಗೆ ಆಗಲ್ಲ.

ಬೀಸೋ ಮೊದಲು ಕಾಳನ್ನ ಸುಮಾರು 98 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಕ್ಷಣ ಒಣಗಿಸಿದರೆ ಕಿಣ್ವದ ಕೆಲಸ ಬಹಳ ಮಟ್ಟಿಗೆ ನಿಲ್ಲುತ್ತೆ. ಹಿಟ್ಟು ದಿನಗಳ ಬದಲು ವಾರಗಟ್ಟಲೆ ತಡೆಯುತ್ತೆ. ಪ್ರಯೋಗಾಲಯದಲ್ಲಿ ಇದು ಹೊಸದಲ್ಲ. ಹಳ್ಳಿಯ ಗಿರಣಿಗೆ ಹೊಂದೋ ಹಾಗೆ, ದಿನಕ್ಕೆ ಕೆಲವು ಕ್ವಿಂಟಲ್ ಮಾಡೋ, ಕಡಿಮೆ ಕರೆಂಟಿನ ಅದ್ದುವ ತೊಟ್ಟಿ ಮತ್ತು ಡ್ರೈಯರ್ ಬೇಕು. ಹೀಟ್ ಟ್ರಾನ್ಸ್‌ಫರ್ ವಿಷಯದಲ್ಲಿ ಬ್ಯಾಕ್ ಉಳಿಸಿಕೊಂಡವರೂ ಇಲ್ಲಿ ಆಸಕ್ತಿಯಿಂದ ಓದ್ತೀರಿ ಅನ್ನೋ ಧೈರ್ಯ ನಮಗಿದೆ!

ದುಡ್ಡಿನ ಲೆಕ್ಕವೂ ಇಲ್ಲೇ ಇರೋದು. 2025–26ಕ್ಕೆ ಸಜ್ಜೆಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,775 ರೂಪಾಯಿ, ಅಂದ್ರೆ ಕಿಲೋಗೆ 28 ರೂಪಾಯಿಗಿಂತ ಕಡಿಮೆ. ನಗರದಲ್ಲಿ ಪ್ಯಾಕೆಟ್ ಹಿಟ್ಟಿನ ಬೆಲೆ ನೋಡಿ, ನಡುವಿನ ವ್ಯತ್ಯಾಸ ಯಾರಿಗೆ ಹೋಗುತ್ತೆ ಅಂತ ಲೆಕ್ಕ ಹಾಕಿ. ಸಂಸ್ಕರಣೆ ಊರಲ್ಲೇ ಆದರೆ ಆ ವ್ಯತ್ಯಾಸದ ಒಂದು ಪಾಲು ಊರಲ್ಲೇ ಉಳಿಯುತ್ತೆ. ಇದು ಬರೀ ಕನಸಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜ ಉಳಿಸ್ತಾ, ಸಂಸ್ಕರಣಾ ಘಟಕ ನಡೆಸ್ತಾ 2025ರಲ್ಲಿ ಯುಎನ್‌ಡಿಪಿಯ ಈಕ್ವೇಟರ್ ಪ್ರಶಸ್ತಿ ಪಡೆಯಿತು.

ವೆಲ್‌ನೆಸ್ ಹೆಸರಲ್ಲಿ ಒಂದು ಎಚ್ಚರಿಕೆ. ಸಿರಿಧಾನ್ಯ ತಿಂದರೆ ಎಲ್ಲ ಕಾಯಿಲೆ ಮಾಯ ಅಂತ ಪ್ಯಾಕೆಟ್ ಮೇಲೆ ಬರೆಯೋ ಹಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಅದಕ್ಕೆ ಅವಕಾಶ ಕೊಡಲ್ಲ. ಸಜ್ಜೆಯಲ್ಲಿ ಫೈಟೇಟ್ ಕೂಡ ಇದೆ, ಅದು ಕಬ್ಬಿಣವನ್ನ ಪೂರ್ತಿ ಹೀರಲು ಬಿಡಲ್ಲ. ಮೊಳಕೆ ಬರಿಸಿದರೆ, ಹುದುಗಿಸಿದರೆ ಕಡಿಮೆಯಾಗುತ್ತೆ. ಅಳೆದು, ಇದ್ದದ್ದನ್ನ ಇದ್ದ ಹಾಗೆ ಹೇಳೋರು ಈ ಕ್ಷೇತ್ರಕ್ಕೆ ತುರ್ತಾಗಿ ಬೇಕು.

4. ಕೊಪ್ಪಳ: ಜಾತ್ರೆ ಕಲಿಸೋ ಸಪ್ಲೈ ಚೈನ್

ಪ್ರತಿ ವರ್ಷ ಜನವರಿ ಸುಮಾರಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಾಂತರ ಜನರಿಗೆ ದಾಸೋಹ. ಅದಕ್ಕೆ ರೊಟ್ಟಿ ಬರೋದು ಯಾವ ಕೇಟರಿಂಗ್ ಕಂಪನಿಯಿಂದಲೂ ಅಲ್ಲ. ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ತಟ್ಟಿ, ಬೇಯಿಸಿ, ಒಣಗಿಸಿ, ಟ್ರ್ಯಾಕ್ಟರಿನಲ್ಲಿ ಮಠಕ್ಕೆ ತಂದು ಒಪ್ಪಿಸ್ತಾರೆ. ಒಂದು ಕ್ಷಣ ಎಂಜಿನಿಯರ್ ಕಣ್ಣಲ್ಲಿ ನೋಡಿ. ಉತ್ಪಾದನೆ ನೂರಾರು ಮನೆಗಳಲ್ಲಿ, ಸಂಗ್ರಹ ಒಂದೇ ಕಡೆ. ತೇವ ತೆಗೆದ ಕಟಕ ರೊಟ್ಟಿ ಫ್ರಿಜ್ ಇಲ್ಲದೆ ವಾರಗಟ್ಟಲೆ ಕೆಡಲ್ಲ, ಹಾಗಾಗಿ ಮೊದಲೇ ಮಾಡಿಡಬಹುದು. ಭಕ್ತಿಯ ಕೆಲಸವನ್ನ ವ್ಯಾಪಾರ ಮಾಡಿ ಅಂತ ನಾವು ಹೇಳ್ತಿಲ್ಲ. ಆದರೆ ಊರಿನ ಊಟವನ್ನ ಊರೇ ಬೆಳೆದು, ಬೇಯಿಸಿ, ಸಾಗಿಸಬಲ್ಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇದೇ ಜೋಡಣೆ ಉಳಿದ ದಿನಗಳಲ್ಲಿ ಹಾಸ್ಟೆಲ್, ಅಂಗನವಾಡಿ, ಆಸ್ಪತ್ರೆಗಳಿಗೆ ಯಾಕೆ ಕೆಲಸ ಮಾಡಬಾರದು? ಆರ್ಡರ್, ಗುಣಮಟ್ಟ, ಪಾವತಿಯ ಲೆಕ್ಕ ಇಡೋ ಸರಳ ಸಾಫ್ಟ್‌ವೇರ್, ಅದನ್ನ ನಡೆಸೋ ಒಂದು ರೈತ ಉತ್ಪಾದಕ ಕಂಪನಿ ಸಾಕು.

ಹಾಗೇ 2019ರಲ್ಲಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ ಹಿರೇಹಳ್ಳವನ್ನ 20 ಕಿಲೋಮೀಟರಿಗೂ ಹೆಚ್ಚು ದೂರ ಜನರೇ ಸೇರಿ ಸ್ವಚ್ಛ ಮಾಡಿದರು. ಜನ ಸೇರ್ತಾರೆ, ಶ್ರಮ ಹಾಕ್ತಾರೆ. ಆಮೇಲೆ ಹಳ್ಳದ ಹರಿವು, ಅಂತರ್ಜಲ, ಹೂಳು ಇವನ್ನ ವರ್ಷ ವರ್ಷ ಅಳೆಯೋರು ಬೇಕಲ್ಲ? ಅದು ನಮ್ಮ ಕೆಲಸ.

ಕನ್ನಡ ಇಲ್ಲಿ ಒಂದು ಟೂಲ್

ಕನ್ನಡ ಸಂಘದವರು ಅಂತ ಈ ಮಾತು ಹೇಳ್ತಿಲ್ಲ. ಎರೆ, ಮಸಾರಿ, ಸವಳು, ಜವಳು, ಹದ, ಹರಗೋದು: ಇವೆಲ್ಲ ಬರೀ ಪದಗಳಲ್ಲ, ಅಳತೆಗಳು. ಬಿತ್ತನೆಗೆ ಹದ ಬಂದಿದೆ ಅಂತ ರೈತ ಹೇಳಿದಾಗ ಮಣ್ಣಿನ ತೇವ, ಬಿಸಿ, ಉದುರು ಮೂರೂ ಅದರಲ್ಲಿ ಸೇರಿರುತ್ತೆ. ನಮ್ಮ ಸೆನ್ಸರ್ ತೇವಾಂಶ ಶೇ. 22 ಅಂತ ತೋರಿಸಿ ಸುಮ್ಮನಾಗುತ್ತೆ. ಆ ಶೇ. 22 ಎರೆಯಲ್ಲಿ ಹದವೋ ಅಲ್ಲವೋ, ಮಸಾರಿಯಲ್ಲಿ ಏನು ಅಂತ ರೈತರ ಜೊತೆ ಕೂತು ಹೊಂದಿಸದೆ ಇದ್ದರೆ ಆ್ಯಪ್ ಒಂದೇ ವಾರದಲ್ಲಿ ಅನ್‌ಇನ್‌ಸ್ಟಾಲ್.

ದಾರಿಗಳು ಯಾವುವು?

ಓದು ಮುಂದುವರಿಸೋರಿಗೆ: ಗೇಟ್ ಪರೀಕ್ಷೆಯಲ್ಲಿ ಕೃಷಿ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಇದೆ, ಎಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ಫುಡ್ ಟೆಕ್ನಾಲಜಿ ಒಂದು ಭಾಗ. ಖರಗ್‌ಪುರ ಐಐಟಿಯಲ್ಲಿ ಕೃಷಿ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗ ಇದೆ. ನಿಮ್ಮ ಬ್ರಾಂಚಿನವರಿಗೆ ಎಂಟೆಕ್‌ಗೆ ಅವಕಾಶ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಮ್ಮ ರಾಜ್ಯದಲ್ಲೇ ಮೈಸೂರಿನ ಸಿಎಫ್‌ಟಿಆರ್‌ಐ, ರಾಯಚೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಿವೆ. ಗ್ರಾಮೀಣ ನಿರ್ವಹಣೆಗೆ ಆನಂದ್‌ನ ಇರ್ಮಾ.

ಕೆಲಸ ಹುಡುಕೋರಿಗೆ: ಹನಿ ನೀರಾವರಿ, ಸಂಸ್ಕರಣಾ ಯಂತ್ರ, ಕೃಷಿ ಡ್ರೋನ್, ಹವಾಮಾನ ಸೆನ್ಸರ್ ಕಂಪನಿಗಳು, ಜಲಾನಯನ ಯೋಜನೆಗಳನ್ನ ನಡೆಸೋ ಸಂಸ್ಥೆಗಳು, ರೈತ ಉತ್ಪಾದಕ ಕಂಪನಿಗಳು. ಸರ್ಕಾರದ ಕಡೆ ಮುನಿರಾಬಾದಿನ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದಂಥ ಕಚೇರಿಗಳು ಏನು ಮಾಡ್ತವೆ ಅಂತ ತಿಳ್ಕೊಳ್ಳಿ.

ಸ್ವಂತ ಉದ್ಯಮಕ್ಕೆ: 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಅದರ ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಕೊಪ್ಪಳಕ್ಕೆ ಬಂದದ್ದು ಪೇರಲ. ಗೋದಾಮು, ಡ್ರೈಯರ್‌ನಂಥವಕ್ಕೆ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿ ತನಕದ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ. ಅರ್ಜಿ ಹಾಕೋ ಮೊದಲು ಈಗಿನ ನಿಯಮಗಳನ್ನ ಜಿಲ್ಲಾ ಕೃಷಿ ಇಲಾಖೆಯಲ್ಲಿ ಕೇಳಿ.

ಮುಚ್ಚುಮರೆ ಇಲ್ಲದೆ ಹೇಳಬೇಕಂದ್ರೆ

ಮೊದಲ ಸಂಬಳ ಐಟಿ ಗೆಳೆಯರಿಗಿಂತ ಕಡಿಮೆ ಇರಬಹುದು. ಸಬ್ಸಿಡಿ ದುಡ್ಡು ತಡವಾಗಬಹುದು. ಮಾಡಿದ ಯಂತ್ರ ಮೊದಲ ಹಂಗಾಮಿನಲ್ಲೇ ಕೈಕೊಡಬಹುದು, ಇನ್ನೊಂದು ಸಲ ಪರೀಕ್ಷಿಸೋಕೆ ಮುಂದಿನ ಹಂಗಾಮಿನ ತನಕ ಕಾಯಬೇಕು. ಕೋಡ್ ಹಾಗೆ ರಾತ್ರೋರಾತ್ರಿ ಸರಿ ಮಾಡೋಕೆ ಆಗಲ್ಲ. ಮನೆಯಲ್ಲಿ ‘ಬಿಇ ಮುಗಿಸಿ ಹೊಲಕ್ಕ ಹೋಗ್ತೀಯೇನು?’ ಅಂತ ಕೇಳೇ ಕೇಳ್ತಾರೆ. ಅವರು ಕೇಳೋದರಲ್ಲಿ ತಪ್ಪಿಲ್ಲ. ಹೊಲದ ಕಷ್ಟ ಗೊತ್ತಿದ್ದೇ ನಮ್ಮನ್ನ ಓದಿಸಿದ್ದು. ಅವರಿಗೆ ನಾವು ಹೇಳಬಹುದಾದ್ದು ಇಷ್ಟೇ: ಈ ಕೆಲಸಕ್ಕೆ ನಮ್ಮ ಹೆಸರಲ್ಲಿ ಎಕರೆಗಟ್ಟಲೆ ಜಮೀನು ಇರಲೇಬೇಕು ಅಂತಿಲ್ಲ. ಹೊಲ ಮಾಡೋರು ಸೋಲದ ಹಾಗೆ ನೀರು, ಯಂತ್ರ, ಮಾರುಕಟ್ಟೆ ನೋಡಿಕೊಳ್ಳೋದೂ ಒಂದು ಉದ್ಯೋಗ.

ಗುಳೆ ಅಂದ್ರೆ ಬಡವರು ಮಾತ್ರ ಹೋಗೋದು ಅಂದುಕೊಂಡಿದ್ದೆವು. ಡಿಗ್ರಿ ಹಿಡಿದು ಬೆಂಗಳೂರಿಗೆ ಹೋಗಿ ಹಿಂದಿರುಗದ ನಮ್ಮದೂ ಒಂಥರಾ ಗುಳೆಯೇ. ಎಲ್ಲರೂ ವಾಪಸ್ ಬನ್ನಿ ಅಂತ ನಾವು ಹೇಳಲ್ಲ, ನಮ್ಮಲ್ಲೇ ಎಷ್ಟೋ ಜನ ಹೋಗ್ತೀವಿ. ಆದರೆ ಹೋಗೋ ಮೊದಲು ಫೈನಲ್ ಇಯರ್ ಪ್ರಾಜೆಕ್ಟ್ ಒಂದನ್ನಾದರೂ ಈ ನಾಲ್ಕು ತಾಲ್ಲೂಕಿನ ಒಂದು ಹೊಲಕ್ಕೋ, ಒಂದು ಗಿರಣಿಗೋ ಮಾಡೋಣ. ಈ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ಹತ್ತಿರದ ಗಿರಣಿಗೆ ಹೋಗಿ, ಸಜ್ಜೆ ಹಿಟ್ಟು ಎಷ್ಟು ದಿನ ತಡೆಯುತ್ತೆ ಅಂತ ಕೇಳಿ ಬರೆದುಕೊಂಡು ಬನ್ನಿ. ಬಂದವರೆಲ್ಲ ಸಂಘದ ಕೋಣೆಯಲ್ಲಿ ಕೂತು ಆ ಪಟ್ಟಿಯಿಂದಲೇ ಶುರು ಮಾಡೋಣ. ಹಾಗೇ ನಮ್ಮ ಮೆಸ್ಸಿನಲ್ಲಿ ವಾರಕ್ಕೊಂದು ದಿನ ಸಜ್ಜಿ ರೊಟ್ಟಿ ಹಾಕಿಸೋ ಅರ್ಜಿಗೆ ಸಹಿ ಮಾಡೋದನ್ನ ಮರೀಬೇಡಿ.